ಅರವತ್ತಕ್ಕೆ ಅರಳೋ, ಮರಳೋ?

"ಅರವತ್ತಕ್ಕೆ ಅರಳು ಮರಳು" ಅನ್ನೋ ಗಾದೆ ಕೇಳದ ಕನ್ನಡಿಗ ಇರಲಿಕ್ಕಿಲ್ಲ. ಮನೆಯಲ್ಲಿ ಅಜ್ಜ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕಿದರೆ ಸಾಕು, ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳುತ್ತಾರೆ. ನಾನು ಅನ್ನ ತಿನ್ನುವ ಸಾಫ್ಟ್‌ವೇರ್ ಜಗತ್ತಿನಲ್ಲಂತೂ ಅರವತ್ತು ಬಹಳ ದೂರದ ಮಾತು. ಅಲ್ಲಿ ನಲವತ್ತಕ್ಕೇ ಅರಳು ಮರಳು! ಮೂವತ್ತೈದು ದಾಟಿದವರು ಹೊಸ ಭಾಷೆ ಕಲಿಯಲಾರರು, ಕಲಿತರೂ ನಿಧಾನ ಅನ್ನುವುದು ನಮ್ಮ ಕ್ಯಾಂಟೀನುಗಳಲ್ಲಿ ವೇದವಾಕ್ಯ. ನನಗಿನ್ನೂ ಮೂವತ್ತಾಗಿಲ್ಲ. ಆದರೂ ಲೆಕ್ಕ ಹಾಕಿದರೆ ಉಳಿದಿರುವುದು ಹತ್ತು ವರ್ಷ ಅಷ್ಟೇ ಅಂತಾಯ್ತು ಮಾರಾಯ್ರೆ :-)

ಈ ಗಾದೆಯನ್ನು ಉಲ್ಟಾ ಮಾಡಿದವರು ನಮ್ಮ ಬೇಂದ್ರೆ. 1896ರಲ್ಲಿ ಹುಟ್ಟಿದ ಅವರು ಅರವತ್ತರ ಸುಮಾರಿಗೆ ತಂದ ಸಂಕಲನಕ್ಕೆ ಇಟ್ಟ ಹೆಸರೇ 'ಅರಳು ಮರಳು'. ಅರಳುವುದು ಅಂದರೆ ಹೂವಾಗುವುದು, ಮರಳುವುದು ಅಂದರೆ ತಿರುಗಿ ಬರುವುದು. ಅದೇ ಎರಡು ಪದ, ಅರ್ಥ ಪೂರಾ ಬೇರೆ. 1958ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಇದು ಬರೀ ಪದದಾಟವೋ, ಇದರಲ್ಲಿ ಹುರುಳಿದೆಯೋ? ವಯಸ್ಸಾದಂತೆ ನೆನಪಿಗೆ, ಬುದ್ಧಿಗೆ ನಿಜವಾಗಿ ಏನಾಗುತ್ತದೆ? ಇದನ್ನು ಓದಲು ಕೂತವನಿಗೆ ಒಂದು ದಾರಿ ಅಮೆರಿಕಕ್ಕೆ ಕರೆದೊಯ್ದರೆ, ಇನ್ನೊಂದು ಸಂತೆಕಟ್ಟೆಯ ನಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಊರುಗಳಿಗೇ ಕರೆದುಕೊಂಡು ಬಂತು.

ಮೊದಲು ಅಮೆರಿಕ. "ಬುದ್ಧಿ ಇಪ್ಪತ್ತಕ್ಕೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ" ಅನ್ನುವ ಮಾತಿಗೆ ವಿಜ್ಞಾನದ ಮೊಹರು ಬಿದ್ದದ್ದು ಒಂದನೇ ಮಹಾಯುದ್ಧದಿಂದಾಗಿ. 1917ರಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಸೈನ್ಯಕ್ಕೆ ಬಂದವರನ್ನು ವಿಂಗಡಿಸಬೇಕಿತ್ತು. ರಾಬರ್ಟ್ ಯರ್ಕ್ಸ್ ಎಂಬ ಮನಶ್ಶಾಸ್ತ್ರಜ್ಞನ ತಂಡ ಓದುಬರಹ ಬಲ್ಲವರಿಗೆ 'ಆಲ್ಫಾ', ಬಾರದವರಿಗೆ 'ಬೀಟಾ' ಎಂಬ ಪರೀಕ್ಷೆಗಳನ್ನು ಮಾಡಿತು. ಸುಮಾರು 17 ಲಕ್ಷ ಜನ ಇವನ್ನು ಬರೆದರು. 1921ರಲ್ಲಿ ದಪ್ಪ ವರದಿ ಹೊರಬಂತು. ಅದರಲ್ಲಿ ಅಧಿಕಾರಿಗಳ ಅಂಕಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದಾಗ, ವಯಸ್ಸು ಹೆಚ್ಚಾದಂತೆ ಅಂಕ ಕಡಿಮೆ. ಮುಗೀತಲ್ಲ!

ಆಮೇಲೆ ಬಂದದ್ದು ನನಗೆ ಬಹಳ ಇಷ್ಟವಾದ ಪ್ರಯೋಗ. ಜೋನ್ಸ್ ಮತ್ತು ಕಾನ್ರಾಡ್ ಎಂಬಿಬ್ಬರು ನ್ಯೂ ಇಂಗ್ಲೆಂಡಿನ ಹಳ್ಳಿಗಳಿಗೆ ಹೋದರು. ಹಳ್ಳಿಯವರು ಸುಮ್ಮನೆ ಪರೀಕ್ಷೆ ಬರೆಯಲು ಬರುತ್ತಾರಾ? ಅದಕ್ಕೆ ಪುಕ್ಕಟೆ ಸಿನಿಮಾ ತೋರಿಸಿದರು! ಬಂದವರ ಕೈಗೆ ಆಲ್ಫಾ ಪರೀಕ್ಷೆ ಕೊಟ್ಟರು. ಹತ್ತರಿಂದ ಅರವತ್ತು ವಯಸ್ಸಿನ 1,191 ಜನ. 1933ರಲ್ಲಿ ಫಲಿತಾಂಶ ಪ್ರಕಟವಾಯಿತು: ಇಪ್ಪತ್ತರ ಆಸುಪಾಸಿಗೆ ಶಿಖರ, ನಂತರ ನಿಧಾನ ಇಳಿಜಾರು, ಐವತ್ತೈದಕ್ಕೆ ಹದಿನಾಲ್ಕರ ಹುಡುಗನ ಮಟ್ಟ. ಪೇಪರಿನವರಿಗೆ ಇಷ್ಟು ಸಾಕಲ್ಲ. ಆದರೆ ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು, ಅದು ಅಷ್ಟಾಗಿ ಯಾರ ಕಿವಿಗೂ ಬೀಳಲಿಲ್ಲ. ಪದಸಂಪತ್ತು ಮತ್ತು ಸಾಮಾನ್ಯ ಜ್ಞಾನದ ಭಾಗದಲ್ಲಿ ಹಿರಿಯರು ಇಳಿದೇ ಇರಲಿಲ್ಲ.

ಈ ಲೆಕ್ಕದಲ್ಲಿ ತಪ್ಪೆಲ್ಲಿದೆ ಅಂತ ನೀವೂ ಊಹಿಸಿರಬಹುದು. ಇಪ್ಪತ್ತರವನನ್ನೂ ಐವತ್ತೈದರವನನ್ನೂ ಒಂದೇ ದಿನ ಕೂರಿಸಿ ಅಳೆದರೆ, ಅಳತೆಗೆ ಸಿಕ್ಕುವುದು ಬರೀ ವಯಸ್ಸಲ್ಲ. ಅವರು ಹುಟ್ಟಿದ ಕಾಲವೂ ಸಿಕ್ಕುತ್ತದೆ. ನಮ್ಮಲ್ಲೇ ನೋಡಿ: 1951ರ ಜನಗಣತಿಯಲ್ಲಿ ಇಡೀ ದೇಶದ ಸಾಕ್ಷರತೆ ಶೇ. 18.33. 2011ರಲ್ಲಿ ಉಡುಪಿ ಜಿಲ್ಲೆಯದ್ದು ಶೇ. 86.24. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಗದ್ದೆಗಿಳಿದ ಅಜ್ಜಿಯನ್ನೂ ಅವಳ ಡಿಗ್ರಿ ಓದಿದ ಮೊಮ್ಮಗಳನ್ನೂ ಪೆನ್ಸಿಲ್ ಕೊಟ್ಟು, ಗಡಿಯಾರ ಇಟ್ಟು ಕೂರಿಸಿ, ಆಮೇಲೆ "ನೋಡಿ, ವಯಸ್ಸಾದರೆ ಬುದ್ಧಿ ಇಳಿಯುತ್ತದೆ" ಅಂದರೆ ಹೇಗೆ? ಇಳಿದದ್ದೋ, ಆ ಜಾಗಕ್ಕೆ ಅವಳು ಯಾವತ್ತೂ ಏರಿಯೇ ಇರಲಿಲ್ಲವೋ?

ನಿಜವಾದ ಉತ್ತರ ಬೇಕಿದ್ದರೆ ಒಬ್ಬನನ್ನೇ ಎರಡು ಸಲ ಅಳೆಯಬೇಕು. ಅದಕ್ಕೆ ಮೂವತ್ತು ವರ್ಷ ಕಾಯುವ ತಾಳ್ಮೆ ಯಾರಿಗಿದೆ? ವಿಲಿಯಂ ಓವೆನ್ಸ್ ಎಂಬಾತನಿಗೆ ಅದೃಷ್ಟ ಕುಲಾಯಿಸಿತು. ಅಯೋವಾದ ಕಾಲೇಜೊಂದರಲ್ಲಿ 1919ರಲ್ಲಿ ಹೊಸದಾಗಿ ಸೇರಿದ ಹುಡುಗರು ಇದೇ ಆಲ್ಫಾ ಪರೀಕ್ಷೆ ಬರೆದಿದ್ದ ದಾಖಲೆ ಇತ್ತು. ಅವರಲ್ಲಿ 127 ಜನರನ್ನು ಹುಡುಕಿ, ಅವರು ಐವತ್ತರ ಹೊಸ್ತಿಲಲ್ಲಿದ್ದಾಗ ಮತ್ತೆ ಅದೇ ಪರೀಕ್ಷೆ ಬರೆಸಿದ. 1953ರಲ್ಲಿ ಫಲಿತಾಂಶ ಬಂತು. ಒಟ್ಟು ಅಂಕ ಇಳಿದಿರಲಿಲ್ಲ, ಏರಿತ್ತು! ಹತ್ತೊಂಬತ್ತರ ತನ್ನನ್ನೇ ಐವತ್ತರ ಮನುಷ್ಯ ಸೋಲಿಸಿದ್ದ. ನಮ್ಮ ಕ್ಯಾಂಟೀನಿನಲ್ಲಿ ಇದನ್ನು ಪ್ರಿಂಟ್ ತೆಗೆದು ಅಂಟಿಸಬೇಕು ಅಂತಿದೆ.

1956ರಲ್ಲಿ ವಾರ್ನರ್ ಶಾಯ್ ಸಿಯಾಟಲ್‌ನಲ್ಲಿ ಇದನ್ನೇ ಶಿಸ್ತಾಗಿ ಶುರು ಮಾಡಿದ. ಏಳು ವರ್ಷಕ್ಕೊಮ್ಮೆ ಅದೇ ಜನರನ್ನು ಕರೆದು ಅಳೆಯುವುದು, ಪ್ರತಿ ಸಲ ಹೊಸಬರನ್ನೂ ಸೇರಿಸುವುದು. ದಶಕಗಟ್ಟಲೆ ನಡೆದ ಆ ಅಧ್ಯಯನದಿಂದ ತಿಳಿದದ್ದು: ಹೆಚ್ಚಿನ ಸಾಮರ್ಥ್ಯಗಳು ನಡುವಯಸ್ಸಿನವರೆಗೂ ಏರುತ್ತವೆ ಅಥವಾ ಹಾಗೇ ನಿಲ್ಲುತ್ತವೆ, ಗಮನಿಸುವಂಥ ಇಳಿಕೆ ಬಹುಪಾಲು ಅರವತ್ತರ ನಂತರ, ಅದೂ ಎಲ್ಲರಲ್ಲೂ ಒಂದೇ ಥರ ಅಲ್ಲ. ಇದೇ ಕಾಲಕ್ಕೆ ರೇಮಂಡ್ ಕ್ಯಾಟೆಲ್ ಮತ್ತವನ ಶಿಷ್ಯ ಜಾನ್ ಹಾರ್ನ್ ಬುದ್ಧಿಯನ್ನು ಎರಡಾಗಿ ಸೀಳಿದರು. ಒಂದು ದ್ರವದಂಥದ್ದು: ಹಿಂದೆಂದೂ ಕಾಣದ ಸಮಸ್ಯೆಯನ್ನು ನಿಂತ ನಿಲುವಿನಲ್ಲಿ ಬಿಡಿಸುವುದು. ಇನ್ನೊಂದು ಹರಳುಗಟ್ಟಿದ್ದು: ಬದುಕಿನಿಂದ, ಓದಿನಿಂದ, ಕಸುಬಿನಿಂದ ಒಟ್ಟಾದದ್ದು. ಮೊದಲನೆಯದು ಬೇಗ ಇಳಿಯುತ್ತದೆ, ಎರಡನೆಯದು ಬಹಳ ಕಾಲ ಬೆಳೆಯುತ್ತಲೇ ಇರುತ್ತದೆ.

ಹಾಗಂತ ವಯಸ್ಸಾದರೆ ಏನೂ ಆಗುವುದಿಲ್ಲ ಅನ್ನುವ ಸಿಹಿ ಸುಳ್ಳನ್ನು ನಾನು ಹೇಳುತ್ತಿಲ್ಲ. ವೇಗ ಇಳಿಯುತ್ತದೆ, ಅದೂ ಇಪ್ಪತ್ತರ ಕೊನೆಯಿಂದಲೇ. ಎರಡು ಕೆಲಸ ಒಟ್ಟಿಗೆ ಮಾಡುವುದು, ಇವತ್ತು ಪರಿಚಯವಾದವರ ಹೆಸರು, ಕೇಳಿದ ವಾಕ್ಯವನ್ನು ಪದಕ್ಕೆ ಪದ ಒಪ್ಪಿಸುವುದು, ಇವೆಲ್ಲ ಕಷ್ಟವಾಗುತ್ತಾ ಹೋಗುತ್ತವೆ. ಮರೆವಿನ ರೋಗ, ಅಂದರೆ ಡಿಮೆನ್ಷಿಯಾ, ಇದಕ್ಕಿಂತ ಬೇರೆಯೇ ಸಂಗತಿ. ಕನ್ನಡಕ ಎಲ್ಲಿಟ್ಟೆ ಅಂತ ಮರೆಯುವುದು ಒಂದು, ಕನ್ನಡಕ ಯಾಕೆ ಇದೆ ಅಂತಲೇ ಮರೆಯುವುದು ಇನ್ನೊಂದು. "ವಯಸ್ಸಾಯ್ತಲ್ಲ, ಅರಳು ಮರಳು" ಅಂತ ಆ ಎರಡನೆಯದನ್ನೂ ನಕ್ಕು ಸುಮ್ಮನಾಗುವುದು ನಮ್ಮ ಮನೆಗಳಲ್ಲಿ ಆಗುವ ದೊಡ್ಡ ಅನ್ಯಾಯ. ಗಾದೆ ಎರಡು ಕಡೆಯಿಂದಲೂ ಕೆಡಿಸುತ್ತದೆ: ಸರಿ ಇರುವವರನ್ನು ಮೂಲೆಗೆ ಕೂರಿಸುತ್ತದೆ, ರೋಗ ಬಂದವರನ್ನು ಡಾಕ್ಟರ ಹತ್ತಿರ ಹೋಗಗೊಡುವುದಿಲ್ಲ.

ಈಗ ನಮ್ಮೂರಿಗೆ ಬರೋಣ.

ನಮ್ಮ ಜಿಲ್ಲೆಯಲ್ಲಿ ನೆನಪಿನ ಎರಡು ತಂತ್ರಗಳು ನೂರಾರು ವರ್ಷಗಳಿಂದ ಅಕ್ಕಪಕ್ಕದಲ್ಲೇ ಬದುಕಿವೆ. ಒಂದು ಉಡುಪಿಯ ಮಠಗಳ ಸುತ್ತಮುತ್ತ ಕೇಳಿಸುವ ವೇದಪಾಠ. ಏಳೆಂಟು ವರ್ಷದ ಹುಡುಗರನ್ನು ಕೂರಿಸಿ ಅಕ್ಷರ, ಸ್ವರ ತಪ್ಪದಂತೆ ಬಾಯಿಪಾಠ ಮಾಡಿಸುವುದು. ಪದ, ಕ್ರಮ, ಜಟೆ, ಘನ ಅಂತ ಪಾಠಗಳಿವೆ. ಘನದಲ್ಲಿ ಪದಗಳನ್ನು ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಎಂದು ಹೆಣೆದು ಹೇಳುತ್ತಾರೆ. ನೆಟ್‌ವರ್ಕಿಂಗ್ ಓದಿದವರಿಗೆ ತಕ್ಷಣ ಹೊಳೆಯುತ್ತದೆ, ಇದು ಚೆಕ್‌ಸಮ್! ಒಂದು ಅಕ್ಷರ ಬಿದ್ದುಹೋದರೂ ಸಿಕ್ಕಿಬೀಳುತ್ತದೆ. ಈ ತಂತ್ರಕ್ಕೆ ಎಳೆಯ ಮಿದುಳೇ ಬೇಕು. ಪದಕ್ಕೆ ಪದ ಅಚ್ಚೊತ್ತುವ ಕೆಲಸವನ್ನು ನಲವತ್ತಕ್ಕೆ ಶುರು ಮಾಡಿದವರನ್ನು ನಾನಂತೂ ಕಂಡಿಲ್ಲ.

ಇನ್ನೊಂದು ಪಾಡ್ದನ. ನಾಟಿ ಮಾಡುವಾಗ ಹೆಂಗಸರು ಹಾಡುವ, ಭೂತದ ಕೋಲದಲ್ಲಿ ಹೇಳುವ ತುಳು ಕಥನಗಳು. ಇದಕ್ಕೆ ಗುರುವಿಲ್ಲ, ಬೆತ್ತವಿಲ್ಲ, ಪರೀಕ್ಷೆಯಿಲ್ಲ. ಒಬ್ಬರು ಹಾಡುತ್ತಾರೆ, ಉಳಿದವರು ದನಿಗೂಡಿಸುತ್ತಾರೆ. ಕೇಳುತ್ತಾ ಕೇಳುತ್ತಾ ವರ್ಷಗಳು ಕಳೆಯುತ್ತವೆ. ಒಂದು ದಿನ ಮುಂದಾಳು ಇಲ್ಲದಾಗ ಹಿಂದಿದ್ದವಳು ಮುಂದಾಳಾಗುತ್ತಾಳೆ. ಅಷ್ಟು ಹೊತ್ತಿಗೆ ಅವಳು ನಡುವಯಸ್ಸು ದಾಟಿರುತ್ತಾಳೆ.

ಈ ಎರಡನೆಯ ತಂತ್ರ ಎಷ್ಟು ದೊಡ್ಡದು ಅನ್ನುವುದು ಜಗತ್ತಿಗೆ ಗೊತ್ತಾದದ್ದು 1990ರ ಡಿಸೆಂಬರಿನಲ್ಲಿ. ಬೆಳ್ತಂಗಡಿ ತಾಲೂಕಿನ ಉಜಿರೆ ಹತ್ತಿರ ಮಾಚಾರು ಎಂಬ ಊರು. ಅಲ್ಲಿನ ಗೋಪಾಲ ನಾಯ್ಕರು ಸಿರಿ ಆರಾಧನೆಯ ಮುಂದಾಳು. ಸಿರಿ ಅಂದರೆ ನಿಮಗೆ ಗೊತ್ತಿರಬಹುದು: ಹಿರಿಯಡ್ಕ, ಕವತ್ತಾರು, ಕಾರ್ಕಳದ ಕಡೆಯ ನಂದಳಿಕೆಯಲ್ಲಿ ಹುಣ್ಣಿಮೆಯ ರಾತ್ರಿ ಜಾತ್ರೆ ನಡೆಯುತ್ತದಲ್ಲ, ನೂರಾರು ಹೆಂಗಸರ ಮೈಮೇಲೆ ಬರುವ ಆ ಸಿರಿ. (ಅಂದ ಹಾಗೆ ನಂದಳಿಕೆ ಮುದ್ದಣನ ಊರೂ ಹೌದು. ಆ ಜಾತ್ರೆಯ ಪ್ರಚಾರಕ್ಕೆ ಪ್ರತಿ ವರ್ಷ ಮಾಡುವ ಹೊಸ ಹೊಸ ಐಡಿಯಾ ನೋಡಿದರೆ ಬೆಂಗಳೂರಿನ ಜಾಹೀರಾತು ಕಂಪನಿಗಳು ನಾಚಬೇಕು.) ಗೋಪಾಲ ನಾಯ್ಕರು ಆ ಆಚರಣೆಯಲ್ಲಿ ಸಿರಿಯ ಮಗ ಕುಮಾರನ ಪಾತ್ರಿ. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಅವರ ಪತ್ನಿ ಅನ್ನೆಲಿ, ನಮ್ಮವರೇ ಆದ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಯಂತ್ರಗಳನ್ನಿಟ್ಟುಕೊಂಡು ಕೂತರು. ನಾಯ್ಕರು ದಿನಗಟ್ಟಲೆ ಹಾಡಿದರು. ಎಣಿಸಿದಾಗ ಸಾಲುಗಳು 15,683.

ಹೋಮರನ 'ಇಲಿಯಡ್' ಎಷ್ಟು ಸಾಲು ಗೊತ್ತಾ? 15,693. ಹತ್ತೇ ಹತ್ತು ಸಾಲು ಹೆಚ್ಚು!

1998ರಲ್ಲಿ ಅದು ತುಳು ಮೂಲ ಮತ್ತು ಇಂಗ್ಲಿಷ್ ಅನುವಾದದೊಂದಿಗೆ ಎರಡು ಸಂಪುಟಗಳಾಗಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಜತೆಗೆ ಅದನ್ನು ಹೇಗೆ ಪಠ್ಯ ಮಾಡಿದೆವು ಎಂದು ವಿವರಿಸುವ ಹೊಂಕೊ ಅವರ ಇನ್ನೊಂದು ದಪ್ಪ ಪುಸ್ತಕ.

ನನ್ನಂಥ ಇಂಜಿನಿಯರಿನ ತಲೆಗೆ ಮೊದಲು ಬರುವುದು, "ಅಬ್ಬಾ, ಎಂಥ ಹಾರ್ಡ್ ಡಿಸ್ಕ್!" ಆದರೆ ಆ ಹೋಲಿಕೆ ಇಲ್ಲಿ ನಡೆಯುವುದಿಲ್ಲ. ನಾಯ್ಕರ ತಲೆಯಲ್ಲಿ 15,683 ಸಾಲಿನ ಫೈಲ್ ಇರಲಿಲ್ಲ. ಕೆಲವು ವರ್ಷ ಮೊದಲು ಚಿನ್ನಪ್ಪ ಗೌಡರು ಅವರಿಂದಲೇ ಬರೆದುಕೊಂಡ ಅದೇ ಕಥೆ ಇದಕ್ಕಿಂತ ಎಷ್ಟೋ ಚಿಕ್ಕದಿತ್ತು. ಜಾತ್ರೆಯ ರಾತ್ರಿ ಹಾಡುವಾಗ ಬೇಕಾದ ಭಾಗ ಮಾತ್ರ ಬರುತ್ತದೆ. ಒಳಗಿರುವುದನ್ನು ಹೊಂಕೊ 'ಮಾನಸಿಕ ಪಠ್ಯ' ಎಂದು ಕರೆದರು: ಕಥೆಯ ಘಟನೆಗಳ ಸರಣಿ, ಮದುವೆ, ಹೆರಿಗೆ, ಪ್ರಯಾಣದಂಥ ಸಂದರ್ಭಗಳಿಗೆ ಸಿದ್ಧವಿರುವ ವರ್ಣನೆಗಳು, ಅವನ್ನು ಹಿಗ್ಗಿಸುವ ಕುಗ್ಗಿಸುವ ನಿಯಮಗಳು. ಅಂದರೆ ಅದು ಫೈಲ್ ಅಲ್ಲ, ಸೋರ್ಸ್ ಕೋಡ್! ಪ್ರತಿ ಸಲ ಹಾಡುವುದೂ ಹೊಸದಾಗಿ ಕಂಪೈಲ್ ಮಾಡಿದಂತೆ. ಇಲ್ಲಿ ನೆನಪು ಯಾವುದು, ಬುದ್ಧಿ ಯಾವುದು ಅಂತ ಗೆರೆ ಎಳೆಯಲು ಬರುವುದೇ ಇಲ್ಲ.

ಇಂಥದ್ದೇ ಸಂಗತಿ ಯುರೋಪಿನಲ್ಲಿ 1935ರಲ್ಲಿ ನಡೆದಿತ್ತು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅಂದಿನ ಯುಗೊಸ್ಲಾವಿಯಾದಲ್ಲಿ ಅವ್ದೊ ಮೆಜೆದೊವಿಚ್ ಎಂಬ ಗಾಯಕನನ್ನು ಕಂಡರು. ಕಸಾಯಿ ಕೆಲಸದವನು, ಓದುಬರಹ ಬಾರದು, ವಯಸ್ಸು ಅರವತ್ತರ ಸುಮಾರು. ಅವನು ಹೇಳಿ ಬರೆಸಿದ ಒಂದು ಕಾವ್ಯ 12,000 ಸಾಲಿಗೂ ಹೆಚ್ಚು. ಇನ್ನೊಬ್ಬ ಗಾಯಕ ಹಾಡಿದ, ಅವ್ದೊ ಹಿಂದೆ ಕೇಳಿರದ ಸುಮಾರು 2,300 ಸಾಲಿನ ಹಾಡನ್ನು ಒಮ್ಮೆ ಕೇಳಿಸಿ, "ಈಗ ನೀನು ಹಾಡು" ಅಂದರೆ, ಅವನು ಅದನ್ನೇ 6,000ಕ್ಕೂ ಹೆಚ್ಚು ಸಾಲುಗಳಲ್ಲಿ ಹಾಡಿಬಿಟ್ಟ! ಆಲ್ಫಾ ಪರೀಕ್ಷೆ ಇಟ್ಟಿದ್ದರೆ ಅವನ ಕೈಗೆ ಪೆನ್ಸಿಲ್ ಕೊಡುವ ಮೊದಲೇ ಫೇಲ್.

ನನಗನ್ನಿಸುವುದು ಇಷ್ಟು. ಪದಕ್ಕೆ ಪದ ನೆನಪಿಡುವ ಶಕ್ತಿ ವಯಸ್ಸಾದಂತೆ ಸೋರುತ್ತದೆ, ಆದರೆ ಸಾರವನ್ನು, ಹೆಣಿಗೆಯನ್ನು ಹಿಡಿದಿಡುವ ಶಕ್ತಿ ಉಳಿಯುತ್ತದೆ ಅಂತ ಈಗಿನ ಪ್ರಯೋಗಗಳು ಹೇಳುತ್ತವೆ. ಪಾಡ್ದನದ ಪರಂಪರೆ ಇದನ್ನು ಯಾವ ಪ್ರಯೋಗಶಾಲೆಯೂ ಇಲ್ಲದೆ ಅರಿತಂತಿದೆ. ಅದು ಸೋರುವ ಪಾತ್ರೆಯ ಮೇಲೆ ಭಾರ ಹಾಕುವುದೇ ಇಲ್ಲ. ಬೆಳೆಯುವ ಕಡೆ ಮಾತ್ರ ಹಾಕುತ್ತದೆ. ಹಾಗಾಗಿ ಅಲ್ಲಿ ಮುದುಕಿಯೇ ದೊಡ್ಡ ಭಂಡಾರ, ಹುಡುಗಿ ಅಲ್ಲ.

ಯಕ್ಷಗಾನ ತಾಳಮದ್ದಳೆಯೂ ಹೀಗೆಯೇ. ವೇಷವಿಲ್ಲ, ಕುಣಿತವಿಲ್ಲ, ಕೂತು ವಾದ ಮಾಡುವುದು. ಪದ್ಯ ಮಾತ್ರ ಗೊತ್ತು, ಅರ್ಥವೆಲ್ಲ ಆ ಕ್ಷಣದ್ದು. ಎದುರಿನವನು ಏನು ಕೇಳುತ್ತಾನೋ ಗೊತ್ತಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರನ್ನು (1918-2006) ವಯಸ್ಸಾದ ಮೇಲೂ ಜನ ರಾತ್ರಿಯಿಡೀ ಕೂತು ಕೇಳುತ್ತಿದ್ದದ್ದು ಸುಮ್ಮನೆ ಗೌರವಕ್ಕಲ್ಲ. ಮಣಿಪಾಲದಲ್ಲಿದ್ದ ಸೇಡಿಯಾಪು ಕೃಷ್ಣ ಭಟ್ಟರ (1902-1996) ವಿಷಯ ಇನ್ನೂ ಬೆರಗಿನದ್ದು. ದೃಷ್ಟಿ ಕೈಕೊಟ್ಟಿತ್ತು. ಇನ್ನೊಬ್ಬರಿಂದ ಓದಿಸಿ, ಬರೆಸಿ ಕೆಲಸ ಮುಂದುವರಿಸಿದರು. ಎಂಬತ್ತು ದಾಟಿದ ಮೇಲೆ 'ಛಂದೋಗತಿ'ಯಂಥ ಕಡು ಲೆಕ್ಕಾಚಾರದ ಗ್ರಂಥ ಬಂತು. ಮಾತ್ರೆ, ಗಣ, ಲಯ ಎಲ್ಲವನ್ನೂ ಕಿವಿಯಲ್ಲೇ ಇಟ್ಟುಕೊಂಡು! ಅವರು ಹುಟ್ಟಿದ ವರ್ಷವೇ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಒಂದೇ ಮಾತು: 'ಮೂಕಜ್ಜಿಯ ಕನಸುಗಳು' ಬಂದದ್ದು 1968ರಲ್ಲಿ, ಅವರಿಗೆ ಗಾದೆಯ ಪ್ರಕಾರ ಅರಳು ಮರಳು ಶುರುವಾಗಿ ಐದಾರು ವರ್ಷವಾಗಿತ್ತು. ಬೆಂಗಳೂರಿನ ಜಿ. ವೆಂಕಟಸುಬ್ಬಯ್ಯನವರು (1913-2021) ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಶುರು ಮಾಡಿದ್ದು 1991ರಲ್ಲಿ. ಆಗ ಅವರಿಗೆ ಎಪ್ಪತ್ತೆಂಟು.

ಇವರೆಲ್ಲ ದೊಡ್ಡವರು, ಅಪವಾದಗಳು ಅಂತ ನೀವು ಹೇಳಬಹುದು. ಒಪ್ಪಿದೆ. ಹಾಗಿದ್ದರೆ ಸಾಮಾನ್ಯರನ್ನು ಅಳೆಯುವುದು ಹೇಗೆ? 1975ರಲ್ಲಿ ಅಮೆರಿಕದಲ್ಲಿ ಬಂದ, ಈಗಲೂ ಆಸ್ಪತ್ರೆಗಳಲ್ಲಿ ಕೇಳುವ 'ಮಿನಿ ಮೆಂಟಲ್ ಸ್ಟೇಟ್' ಪರೀಕ್ಷೆಯಲ್ಲಿ ಇವತ್ತಿನ ತಾರೀಕು ಹೇಳಬೇಕು, ನೂರರಿಂದ ಏಳೇಳು ಕಳೆಯಬೇಕು, ಚೀಟಿ ಓದಿ ಹಾಗೆ ಮಾಡಬೇಕು, ಒಂದು ವಾಕ್ಯ ಬರೆಯಬೇಕು. ಶಾಲೆಗೇ ಹೋಗದವರು ಏನು ಮಾಡಬೇಕು? ಸಂತೆಕಟ್ಟೆಯಲ್ಲಿ ಮೀನು ಮಾರುವ ಹೆಂಗಸು ಮೂರು ಬಗೆಯ ಮೀನಿನ ರೇಟು ಕೂಡಿಸಿ, ಚೌಕಾಸಿಗೆ ಬಿಟ್ಟದ್ದು ಕಳೆದು, ನಾನು ಮೊಬೈಲ್ ತೆಗೆಯುವ ಮೊದಲೇ ಚಿಲ್ಲರೆ ಕೈಗಿಡುತ್ತಾಳೆ. ಅವಳನ್ನೇ ನೂರರಿಂದ ಏಳು ಕಳೆಯುತ್ತಾ ಹೋಗು ಅಂದರೆ, "ಯಾಕೆ?" ಅಂತ ಕೇಳಿಯಾಳು. ಹರಿಯಾಣದ ಬಲ್ಲಭಗಢದಲ್ಲಿ ಕೆಲಸ ಮಾಡಿದ ಸಂಶೋಧಕರು 1995ರಲ್ಲಿ ಇದಕ್ಕೊಂದು ದಾರಿ ಹುಡುಕಿದರು. ಚೀಟಿ ಓದುವ ಬದಲು "ನನ್ನ ಮುಖ ನೋಡಿ, ನಾನು ಮಾಡಿದ ಹಾಗೆ ಮಾಡಿ" ಎಂದು ಕಣ್ಣು ಮುಚ್ಚಿ ತೋರಿಸುವುದು. ವಾಕ್ಯ ಬರೆಯುವ ಬದಲು "ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ". ಎಷ್ಟು ಸಣ್ಣ ಬದಲಾವಣೆ, ಎಷ್ಟು ದೊಡ್ಡ ನ್ಯಾಯ!

ನಮ್ಮ ರಾಜ್ಯದಲ್ಲೂ ಒಂದು ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಟ್ರಸ್ಟಿನ ದುಡ್ಡಿನಿಂದ ಎದ್ದದ್ದು, 2018ರಲ್ಲಿ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಅಧ್ಯಯನ ಶುರು ಮಾಡಿತು. 45 ದಾಟಿದ ಹಳ್ಳಿಗರೇ ಇದರ ಕೇಂದ್ರ, 10,000 ಜನರನ್ನು ತಲುಪುವ ಗುರಿ, ಅವರನ್ನೇ ಮತ್ತೆ ಮತ್ತೆ ಅಳೆಯುವ ಯೋಜನೆ. ಓವೆನ್ಸ್‌ನಂತೆ ಹಳೇ ದಾಖಲೆ ಸಿಕ್ಕುವ ಅದೃಷ್ಟಕ್ಕೆ ಕಾಯಬೇಕಿಲ್ಲ. ಮಾವಿನ ತೋಪಿನ ಆ ಊರುಗಳಿಂದ ಬರುವ ಉತ್ತರಗಳಿಗಾಗಿ ನಾನಂತೂ ಸಿಯಾಟಲ್‌ಗಿಂತ ಹೆಚ್ಚು ಆಸೆಯಿಂದ ಕಾಯುತ್ತಿದ್ದೇನೆ.

ನಮ್ಮ ಬೀದಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು ಅಮ್ಮ ಇದ್ದಾರೆ. ಮೊದಲು ಗದ್ದೆ ಕೆಲಸಕ್ಕೆ ಹೋಗುತ್ತಿದ್ದವರು. ಹೆದ್ದಾರಿಯ ಅಂಡರ್‌ಪಾಸ್ ಕೆಲಸ ವರ್ಷಗಟ್ಟಲೆ ನಡೆದ ಗಲಾಟೆಯಲ್ಲೂ ಹಿತ್ತಿಲಲ್ಲಿ ಕೂತು ಗುನುಗುತ್ತಿದ್ದರು. ಈ ಸಲ ಊರಿಗೆ ಹೋದಾಗ ಮೊಬೈಲಿನಲ್ಲಿ ಅವರ ಒಂದು ಪಾಡ್ದನ ರೆಕಾರ್ಡ್ ಮಾಡಿದೆ, ಇಪ್ಪತ್ತೆರಡು ನಿಮಿಷ. ಎರಡು ದಿನ ಬಿಟ್ಟು ಅದನ್ನೇ ಇನ್ನೊಮ್ಮೆ ಹಾಡಿ ಅಂದೆ, ಮೂವತ್ತೊಂದು ನಿಮಿಷವಾಯಿತು. ನಡುವೆ ಹೊಸದೊಂದು ತೊಟ್ಟಿಲ ಪ್ರಸಂಗ, ಎರಡು ಹೊಸ ಹೆಸರು. ಎರಡನ್ನೂ ಅವರಿಗೇ ಕೇಳಿಸಿ, ಇದರಲ್ಲಿ ಸರಿಯಾದದ್ದು ಯಾವುದು ಅಂತ ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಎರಡೂ ಒಂದೇ ಅಲ್ವ ಮಗಾ?" ಅಂದರು.